ಕೇಳಿದ ಕೋಣೆ

ನಿಜದ ಆನೆಗಳು ಸಕ್ರೆಬೈಲಿನಲ್ಲಿ ಮೀಯುತ್ತವೆ.
ನಮ್ಮದು ಇನ್ನೂ ಎರಡು ಮೈಲಿ ಮುಂದೆ, ಪ್ಲಾಸ್ಟಿಕ್ಕಿನದು,
ಟಿಕೆಟ್ ಕೊಂಡವರ ಮೇಲಷ್ಟೇ ಸೊಂಡಿಲಿನಿಂದ ನೀರು ಬಿಡುತ್ತದೆ.
ಅದರ ಬೆನ್ನಿಗೇ ಕೌಂಟರು. ನನ್ನ ಎದೆಯ ಬಿಲ್ಲೆಯಲ್ಲಿ ಸಿಪ್ರಿಯನ್;
ಫೋನು ಮಾಡುವವರಿಗೆ ನಾನು ‘ಹಲೋ, ರಿಸೆಪ್ಷನ್ನಾ?’

ಅರವತ್ತು ಕೋಣೆ. ಅರವತ್ತಕ್ಕೂ ಒಂದೊಂದು ಕೊರತೆ,
ಅದು ನನಗೆ ಗೊತ್ತು, ಹಾಸಿಗೆ ಬದಲಿಸುವ ಜೈಬುನ್ನಿಸಾಗೆ ಗೊತ್ತು.
ಜನ ಕೋಣೆ ಕೇಳುವುದಿಲ್ಲ, ದೂರ ಕೇಳುತ್ತಾರೆ:
ಲಿಫ್ಟಿನಿಂದ ದೂರ, ಅಡುಗೆಮನೆಯ ಒಗ್ಗರಣೆಯಿಂದ ದೂರ,
ಹುಬ್ಬಳ್ಳಿಯ ಹನ್ನೆರಡು ಮಂದಿಗೆ ಹೆಂಡತಿಯರಿಂದ ಒಂದು ಮಹಡಿ ದೂರ.
ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೆ ಮಂಚದ ತಲೆ
ದಕ್ಷಿಣಕ್ಕೇ ಬೇಕು; ಫೋನು ಕಿವಿಗಿಟ್ಟುಕೊಂಡೇ ಹೋಗಿ
ದಿಕ್ಕು ನೋಡಿ ಬಂದೆ.
ಮತ್ತೆ ಎಲ್ಲರಿಗೂ, ಮರೆಯದೆ, ಅಲೆಕೊಳದ ಮೋಟರಿನಿಂದ ದೂರ.

ನೂರಾ ಹದಿನೇಳರ ಗೋಡೆಗೆ ಆ ಮೋಟರಿನ ಮನೆ ಅಂಟಿಕೊಂಡಿದೆ.
ಅದು ಓಡಿದರೆ ಬಚ್ಚಲಿನ ಮಗ್ಗು ತಾನೇ ನಡೆಯುತ್ತದೆ,
ಕನ್ನಡಿಯಲ್ಲಿ ನಿಮಗೆ ಎರಡು ಮೂಗು.
ರಿಜಿಸ್ಟರಿನಲ್ಲಿ ಹಳೆಯ ಮ್ಯಾನೇಜರರ ಕೆಂಪಕ್ಷರ:
‘ತುಂಬಿದರೆ ಮಾತ್ರ ಕೊಡುವುದು.’

ಏಪ್ರಿಲಿನ ಎರಡನೇ ಶನಿವಾರಕ್ಕೆಂದು ಒಬ್ಬಾಕೆಯ ಫೋನು.
ಹಿಂದೆ ಸೀಟಿ, ಇಂಜಿನ್ನು, ‘ಹೊನ್ನಾಳಿ, ಹೊನ್ನಾಳಿ’.
ಕಂಡಕ್ಟರಂತೆ, ಹರಿಹರ ಡಿಪೋ, ಹೆಸರು ರುದ್ರಾಂಬ.
‘ನಂಗೆ ನೂರಾ ಹದಿನೇಳೇ ಆಗ್ಬೇಕು.’

‘ಮೇಡಂ, ಅದೇ ರೇಟಿಗೆ ಹೊಳೆ ಕಾಣೋದು ಕೊಡ್ತೀನಿ.’
‘ಬ್ಯಾಡ.’
‘ಗೋಡೆ ನಡುಗ್ತದೆ, ಮೇಡಂ.’
‘ಅದಕ್ಕೇ ಕೇಳಿದ್ದು.’

ಚಿಲ್ಲರೆ ಎಣಿಸಿದಂತೆ ಎಣಿಸಿ ಹೇಳಿದಳು:
ಮಗಳು ಇಂಚರ. ಎಂಟು ವರ್ಷ. ಹುಟ್ಟಿದಾಗಿಂದ ಕಿವಿ ಇಲ್ಲ.
ಹೆಸರಿಟ್ಟ ಮೇಲೆ ಗೊತ್ತಾಗಿದ್ದು, ಬದಲಿಸಲಿಲ್ಲ.
ಹೋದ ವರ್ಷ ದಿನದ ಟಿಕೆಟಿನಲ್ಲಿ ಬಂದವಳು
ಜಾರುಬಂಡೆ ಬಿಟ್ಟು, ಐಸ್‌ಕ್ರೀಮೂ ಬಿಟ್ಟು,
ಮೋಟರ್ ಮನೆಯ ಗೋಡೆಗೆ ಕೆನ್ನೆ ಕೊಟ್ಟು ನಿಂತು
ಗೇಟು ಹಾಕುವ ತನಕ ಕದಲಲಿಲ್ಲವಂತೆ.
ಅದಕ್ಕೆ ತಾಗಿದ ಕೋಣೆಯ ನಂಬರನ್ನು
ಅಮ್ಮ ಅವತ್ತೇ ಟಿಕೆಟಿನ ಬೆನ್ನಿಗೆ ಬರೆದಿಟ್ಟಿದ್ದಳು.

ರಸೀತಿ ಕಳಿಸಿ ಫೋನಿಟ್ಟ ಮೇಲೆ ನನಗೆ ಹೊಳೆಯಿತು:
ಆರಕ್ಕೆ ಕೊಳ ಮುಚ್ಚುತ್ತದೆ, ಮೋಟರೂ ಆರಕ್ಕೇ ಮಲಗುತ್ತದೆ.
ರಾತ್ರಿಗೆ ಬಾಡಿಗೆ ಕೊಟ್ಟವರಿಗೆ ಬರೀ ಗೋಡೆ.

ಬೂದ್ಯಪ್ಪ, ಮೋಟರಿನವನು, ಮೊದಲು ಕರೆಂಟಿನ ಬಿಲ್ಲು ಹೇಳಿದ.
ಆಮೇಲೆ ಲಾಗ್ ಪುಸ್ತಕ. ಆಮೇಲೆ ಎಲೆಯಡಿಕೆ ಉಗಿದು ಬಂದು,
‘ಬೆಳಗಿನ ಜಾವ ಫಿಲ್ಟರ್ ತೊಳಿಯೋದು ಹೆಂಗೂ ಐತಲ್ಲ,
ಅವತ್ತೊಂದಿನ ರಾತ್ರಿ ಒಂಬತ್ತಕ್ಕೆ ತೊಳೀತೀನಿ’ ಅಂದ.
ತೊಳೆಯುವಾಗ ಅಲೆಯನ್ನೂ ಬಿಟ್ಟ. ಅದನ್ನು ನಾನು ಕೇಳಿರಲಿಲ್ಲ.

ದೀಪ ಆರಿಸಿದ ಕೊಳದಲ್ಲಿ, ಯಾರೂ ಇಲ್ಲದ ಕೊಳದಲ್ಲಿ
ಅಲೆ ಎದ್ದವು. ಯಾರೋ ಮರೆತ ಟ್ಯೂಬೊಂದು
ದಡಕ್ಕೆ ಬಂತು, ವಾಪಸು ಹೋಯಿತು, ಮತ್ತೆ ಬಂತು.
ನೂರಾ ಹದಿನೆಂಟರಿಂದ ಫೋನು: ‘ಏನ್ರೀ ಇದು?’
‘ಐದೇ ನಿಮಿಷ, ಸರ್.’ ನೂರಾ ಹತ್ತೊಂಬತ್ತಕ್ಕೂ ಐದೇ ನಿಮಿಷ.
ಇಪ್ಪತ್ತೈದು ನಿಮಿಷ ನಾನು ಐದೇ ನಿಮಿಷ ಅಂದೆ.
ನೂರಾ ಹದಿನೇಳರಿಂದ ಫೋನು ಬರಲಿಲ್ಲ.

ಬೆಳಿಗ್ಗೆ ಕೀಲಿ ಕೊಡಲು ಬಂದ ಹುಡುಗಿ
ನನ್ನ ಅಂಗೈಯನ್ನು ಕೌಂಟರಿನ ಹಲಗೆಗೆ ಒತ್ತಿ ಹಿಡಿದು
ಅಡಿಯಿಂದ ಮುಷ್ಟಿಯಲ್ಲಿ ಗುದ್ದಿದಳು. ಒಂದು. ಆಮೇಲೆ ಬೇಗ ಎರಡು.
ನನ್ನ ಮುಖ ನೋಡಿದಳು. ಹೌದೆಂದು ತಲೆ ಹಾಕಿದೆ.
ಅಲ್ಲ ಎಂಬಂತೆ ಹುಬ್ಬು ಗಂಟಿಕ್ಕಿ ಮತ್ತೆ ಗುದ್ದಿದಳು.
ನನಗೆ ಬಂದದ್ದು ಸದ್ದೊಂದೇ. ಅಷ್ಟರಲ್ಲಿ ಅವರ ಬಸ್ಸು.

ಕೆಂಪಕ್ಷರದ ಸಾಲಿನಲ್ಲಿ ಒಂದು ಪದ ಹೊಡೆದು ಹಾಕಿ
ನೀಲಿ ಪೆನ್ನಿನಲ್ಲಿ ಮೇಲೆ ಬರೆದಿದ್ದೇನೆ:
‘ಕೇಳಿದರೆ ಮಾತ್ರ ಕೊಡುವುದು.’
ಇನ್ನೂ ಯಾರೂ ಕೇಳಿಲ್ಲ. ಜೈಬುನ್ನಿಸಾ ವಾರಕ್ಕೊಮ್ಮೆ ಹೋಗಿ
ಕಿಟಕಿ ತೆಗೆದು, ದೂಳು ಹೊಡೆದು,
ಬಾಗಿಲ ತನಕ ನಡೆದು ಬಂದ ಮಗ್ಗನ್ನು
ಮತ್ತೆ ನಲ್ಲಿಯ ಕೆಳಗಿಟ್ಟು ಬರುತ್ತಾಳೆ.